ಅಜ್ಜಿಯನ್ನು ಎಲ್ಲಿ ಬಿಟ್ಟಿರಿ?

ಆತ್ಮೀಯರೇ,

'ಒಂದೇ ಚಿತ್ರ, ಬದಲಾದ ಬದುಕುಗಳು' ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಬೇಸರವಾಯಿತು, ಎರಡನೆಯ ಸಲ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯಿರಿ. ಬೇಸರವಷ್ಟೇ ಆಗಿದ್ದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಕೈಗೆ ಇಷ್ಟೊಳ್ಳೆಯ ವಸ್ತು ಸಿಕ್ಕಿಯೂ ಅದನ್ನು ಹೀಗೆ ಪೋಲು ಮಾಡಿದ್ದೀರಲ್ಲ ಎಂಬುದು ನನ್ನ ಸಿಟ್ಟು.

2018ರಲ್ಲಿ ಬಂದ 'ಕ್ರೇಜಿ ರಿಚ್ ಏಷಿಯನ್ಸ್' ಚಿತ್ರದ ಕಲಾವಿದರ ವೃತ್ತಿಬದುಕಿನ ಬಗ್ಗೆ ಬರೆದಿದ್ದೀರಿ. ನ್ಯೂಯಾರ್ಕಿನ ಅಧ್ಯಾಪಕಿಯೊಬ್ಬಳು ಗೆಳೆಯನ ಜೊತೆ ಸಿಂಗಪುರಕ್ಕೆ ಹೋಗಿ, ಅವನ ಮನೆಯವರು ಎಂಥ ಕುಬೇರರೆಂದು ಅಲ್ಲಿ ತಿಳಿದು ಬೆಚ್ಚಿಬೀಳುವ, ಅವನ ತಾಯಿಯ ತಿರಸ್ಕಾರವನ್ನು ಎದುರಿಸುವ ಪ್ರಣಯ ಹಾಸ್ಯಚಿತ್ರ. ವಸ್ತುವಿನ ಆಯ್ಕೆಗೆ ಪೂರ್ತಿ ಅಂಕ. ಬರವಣಿಗೆಯ ಮಾತು ಬೇರೆ.

ನೀವು ಆರು ಜನ ಕಲಾವಿದರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಹಂಚಿದ್ದೀರಿ. ಪ್ರತಿ ಪ್ಯಾರಾದಲ್ಲೂ ಹುಟ್ಟಿದ ವರ್ಷ, ಈ ಚಿತ್ರ, ಆಮೇಲೆ ಬಂದ ಚಿತ್ರಗಳ ಪಟ್ಟಿ. ನಾಲ್ಕು ಪ್ಯಾರಾಗಳು 'ಆಮೇಲೆ ಅವರು ಹಿಂತಿರುಗಿ ನೋಡಲೇ ಇಲ್ಲ' ಎಂದು ಮುಗಿಯುತ್ತವೆ. ನಾಲ್ವರೂ ಹೀಗೆ ಹಿಂದೆ ಮುಂದೆ ನೋಡದೆ ಓಡಿದರೆ ಎಲ್ಲಾದರೂ ಡಿಕ್ಕಿ ಹೊಡೆದುಕೊಂಡಾರು. ಚಿತ್ರಗಳ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಏನು ನಡೆಯಿತು ಎಂದು ಹೇಳಬೇಕಾದವರು ನೀವು.

ನಾಯಕನಾಗಿ ನಟಿಸಿದ ಹೆನ್ರಿ ಗೋಲ್ಡಿಂಗ್ ಕುರಿತ ಪ್ಯಾರಾವನ್ನೇ ತೆಗೆದುಕೊಳ್ಳಿ. 'ಈ ಚಿತ್ರ ಗೆದ್ದ ಮೇಲೆ ಅವಕಾಶಗಳು ಹುಡುಕಿಕೊಂಡು ಬಂದವು, ಕೂಡಲೇ ಎ ಸಿಂಪಲ್ ಫೇವರ್ ಚಿತ್ರದಲ್ಲಿ ನಟಿಸಿದರು' ಎಂದಿದ್ದೀರಿ. ನೀವೇ ಆವರಣದಲ್ಲಿ ಕೊಟ್ಟ ಬಿಡುಗಡೆಯ ದಿನಗಳನ್ನು ಒಮ್ಮೆ ನೋಡಿ. ಮೊದಲನೆಯದು 2018ರ ಆಗಸ್ಟ್ ಮಧ್ಯ, ಎರಡನೆಯದು ಸೆಪ್ಟೆಂಬರ್ ಮಧ್ಯ. ಒಂದು ತಿಂಗಳಲ್ಲಿ ಯಾವ ಸ್ಟುಡಿಯೊ ನಾಯಕನಟನನ್ನು ಹುಡುಕಿ, ಚಿತ್ರೀಕರಿಸಿ, ಸಂಕಲನ ಮುಗಿಸಿ ಚಿತ್ರಮಂದಿರಕ್ಕೆ ತಂದೀತು? ಎರಡನೆಯ ಚಿತ್ರದ ಚಿತ್ರೀಕರಣ ನಡೆದದ್ದು 2017ರಲ್ಲೇ. ಮೊದಲನೆಯದಕ್ಕೆ ಇನ್ನೂ ಒಂದು ಟಿಕೆಟ್ ಕೂಡ ಮಾರಾಟವಾಗಿರಲಿಲ್ಲ. ಹಾಲಿವುಡ್‌ನಲ್ಲಿ ಒಂದು ಚಿತ್ರವೂ ಬಿಡುಗಡೆಯಾಗಿರದ ಹೊಸಬನನ್ನು ಒಬ್ಬ ನಿರ್ದೇಶಕ ನಂಬಿದ್ದ ಎಂದಾಯಿತು. ನಿಮ್ಮ ವಾಕ್ಯ ಹೇಳುವುದಕ್ಕಿಂತ ಇದು ಎಷ್ಟೋ ಸ್ವಾರಸ್ಯದ ಸಂಗತಿ. ಬಿಡುಗಡೆಯ ಕ್ರಮವನ್ನು ಬದುಕಿನ ಕ್ರಮವೆಂದು ತಿಳಿಯುವುದು ಸಿನಿಮಾ ಬರಹಗಾರರು ಸಾಮಾನ್ಯವಾಗಿ ಮಾಡುವ ತಪ್ಪು. ನಾನೂ ಮಾಡಿದ್ದೇನೆ.

ಆಕ್ವಾಫಿನಾ ವಿಷಯದಲ್ಲೂ ಇದೇ ಎಡವಟ್ಟು. 'ದಿ ಫೇರ್‌ವೆಲ್' ಚಿತ್ರದ ನಟನೆಗೆ ಅವರಿಗೆ 2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು, ನಿಜ. ಆದರೆ ಅದರ ನಿರ್ದೇಶಕಿ ಲುಲು ವಾಂಗ್ ಈ ನಟಿಯನ್ನು ಆರಿಸಿದ್ದು ಈ ಹಾಸ್ಯಚಿತ್ರ ತೆರೆಗೆ ಬರುವ ಮೊದಲೇ. ಬಾಯಿಬಡುಕಿ ಗೆಳತಿಯ ಪಾತ್ರದಲ್ಲಿ ಜನ ಅವರನ್ನು ನೋಡಿ ನಗುವ ಮೊದಲೇ ಇನ್ನೊಬ್ಬರು ಅವರಲ್ಲಿ ದುಃಖವನ್ನು ಕಂಡಿದ್ದರು. ರ‍್ಯಾಪ್ ವಿಡಿಯೊ ಮಾಡಿದ್ದಕ್ಕೆ ಅವರು ಪ್ರಕಾಶನ ಸಂಸ್ಥೆಯೊಂದರ ಕೆಲಸ ಕಳೆದುಕೊಂಡದ್ದನ್ನೂ ನೀವು ಬಿಟ್ಟಿದ್ದೀರಿ. ನಮ್ಮ ಕಸುಬಿನವರು ಕಳೆದುಕೊಂಡದ್ದನ್ನು ಸಿನಿಮಾದವರು ಎತ್ತಿಕೊಂಡರು ಎಂದು ನನಗೆ ಕೊಂಚ ಹೊಟ್ಟೆಯುರಿ.

ಗೋಲ್ಡಿಂಗ್ ಆಯ್ಕೆಯಾದ ಬಗೆಯನ್ನು 'ಅದೃಷ್ಟ ಕೈಹಿಡಿಯಿತು' ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ. ಅದೃಷ್ಟದ ಒಳಗೆ ಏನಿತ್ತು ಎಂದು ಬಿಡಿಸಿ ನೋಡಬೇಕಿತ್ತು. ಅವರು ಹುಟ್ಟಿದ್ದು ಮಲೇಷ್ಯಾದ ಸರವಾಕ್‌ನಲ್ಲಿ. ತಾಯಿ ಅಲ್ಲಿನ ಇಬಾನ್ ಜನಾಂಗದವರು, ತಂದೆ ಇಂಗ್ಲಿಷರು. (ನೀವು 'ಚೀನೀ ಮೂಲದ ನಟ' ಎಂದು ಬರೆದಿದ್ದೀರಿ. ಇದು ಸಣ್ಣ ತಪ್ಪಲ್ಲ. ಚೀನೀ ಕುಟುಂಬದ ನಾಯಕನ ಪಾತ್ರಕ್ಕೆ ಮಿಶ್ರ ಮೂಲದವರನ್ನು ಆರಿಸಿದ್ದೇಕೆ ಎಂಬ ಆಕ್ಷೇಪವೇ ಆಗ ದೊಡ್ಡ ಚರ್ಚೆಯಾಗಿತ್ತು. ಒಂದು ತಪ್ಪು ಪದದಿಂದ ಆ ಇಡೀ ಅಧ್ಯಾಯ ನಿಮ್ಮ ಕೈತಪ್ಪಿತು.) ಬೆಳೆದದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನಲ್ಲಿ ಕೇಶವಿನ್ಯಾಸದ ಕೆಲಸ, ಆಮೇಲೆ ಕ್ವಾಲಾಲಂಪುರಕ್ಕೆ ಬಂದು ದೂರದರ್ಶನ ನಿರೂಪಣೆ, ಬಿಬಿಸಿಯ ಪ್ರವಾಸ ಕಾರ್ಯಕ್ರಮ. ನಿರ್ದೇಶಕ ಜಾನ್ ಎಂ. ಚೂ ನಾಯಕನಿಗಾಗಿ ಹುಡುಕಾಡುತ್ತಿದ್ದಾಗ ಈ ಹೆಸರು ಹೇಳಿದ್ದು ಯಾವ ಪ್ರತಿಭಾಶೋಧಕರೂ ಅಲ್ಲ. ಚಿತ್ರದ ಮಲೇಷ್ಯಾ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಒಬ್ಬ ಮಹಿಳೆ. ಹಿಂದೆಂದೋ ಒಂದು ಸಮಾರಂಭದಲ್ಲಿ ಅವರ ನಿರೂಪಣೆಯನ್ನು ಕಂಡ ನೆನಪು ಆಕೆಗೆ. ಅಂದರೆ ಕ್ಯಾಮೆರಾ ಮುಂದೆ ಅಪರಿಚಿತರ ಜೊತೆ ನಗುನಗುತ್ತ ಮಾತಾಡುವುದನ್ನು ಅವರು ವರ್ಷಗಟ್ಟಲೆ ಕಸುಬಾಗಿ ಮಾಡಿಕೊಂಡಿದ್ದರು. ಪ್ರಣಯ ಹಾಸ್ಯಚಿತ್ರದ ನಾಯಕನಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಯಾವುದು?

ಅವರ ಮುಂದಿನ ದಾರಿಯೂ ನೀವು ಹೇಳಿದಷ್ಟು ಸಲೀಸಲ್ಲ. 2021ರ 'ಸ್ನೇಕ್ ಐಸ್' ಸಾಹಸಚಿತ್ರ ಹೂಡಿದ ಹಣದ ಅರ್ಧವನ್ನೂ ಚಿತ್ರಮಂದಿರಗಳಲ್ಲಿ ಗಳಿಸಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅದೂ ಗೆದ್ದವರ ಸಾಲಿನಲ್ಲೇ ಕುಳಿತಿದೆ. ಸೋಲನ್ನು ಸೋಲೆಂದು ಬರೆಯಲು ಏಕೆ ಅಳುಕು? ಅವರು ವಿಯೆಟ್ನಾಮಿನಲ್ಲಿ ತೆಗೆದ 'ಮಾನ್ಸೂನ್' ಎಂಬ ಸದ್ದಿಲ್ಲದ ಸಣ್ಣ ಚಿತ್ರದಲ್ಲೂ ನಟಿಸಿದ್ದಾರೆ. ಬಾಲ್ಯದಲ್ಲಿ ತೊರೆದ ದೇಶಕ್ಕೆ ಮರಳಿ ಬಂದವನ ಕಥೆ ಅದು. ದೊಡ್ಡ ಸ್ಟುಡಿಯೊ ಚಿತ್ರಗಳ ನಡುವೆ ಒಬ್ಬ ನಟ ಇಂಥದ್ದನ್ನು ಒಪ್ಪಿಕೊಂಡದ್ದು ಪ್ರಶ್ನೆ ಕೇಳಲು ತಕ್ಕ ವಿಷಯ.

ಇನ್ನು ನಾಯಕನ ತಾಯಿಯಾಗಿ ನಟಿಸಿದ ಮಿಶೆಲ್ ಯೋ. 'ಈ ಚಿತ್ರದ ಮೂಲಕ ಬೆಳಕಿಗೆ ಬಂದ ಅವರನ್ನು ಇದೇ ಯಶಸ್ಸು ಆಸ್ಕರ್ ವೇದಿಕೆಗೆ ಏರಿಸಿತು' ಎಂಬ ಸಾಲು ಓದಿ ಪೆನ್ನು ಕೆಳಗಿಟ್ಟೆ. 1985ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಸಾಹಸಚಿತ್ರದ ನಾಯಕಿಯಾಗಿದ್ದವರು ಅವರು. ಮದುವೆಯಾಗಿ ತೆರೆಯಿಂದ ದೂರ ಸರಿದು, ವಿಚ್ಛೇದನದ ಬಳಿಕ 1992ರಲ್ಲಿ ಜಾಕಿ ಚಾನ್ ಜೊತೆ ಮರಳಿದಾಗ, ಓಡುವ ರೈಲಿನ ಮೇಲಕ್ಕೆ ಮೋಟಾರ್ ಸೈಕಲ್ ಹಾರಿಸಿದವರು. 1997ರಲ್ಲಿ ಜೇಮ್ಸ್ ಬಾಂಡ್ ಚಿತ್ರ. 2000ದಲ್ಲಿ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್'. ಅದರ ಮ್ಯಾಂಡರಿನ್ ಸಂಭಾಷಣೆಯನ್ನು ಅವರು ಉಚ್ಚಾರ ಕೇಳಿ ಬಾಯಿಪಾಠ ಮಾಡಿ ಒಪ್ಪಿಸಿದರು. 2023ರ ಮಾರ್ಚಿನಲ್ಲಿ ಅವರಿಗೆ ಆಸ್ಕರ್ ತಂದ ಪಾತ್ರವಂತೂ ಮೊದಲು ಜಾಕಿ ಚಾನ್ ಅವರನ್ನು ಮನಸ್ಸಿನಲ್ಲಿಟ್ಟು ಯೋಚಿಸಿದ್ದು, ಆಮೇಲೆ ಹೆಣ್ಣಿಗೆ ಬದಲಾಯಿಸಿದ್ದು. ಇಷ್ಟು ಉದ್ದದ ದಾರಿಯಲ್ಲಿ ನಿಮ್ಮ ಚಿತ್ರ ಒಂದು ಮೈಲಿಗಲ್ಲು ಅಷ್ಟೇ. ಆ ಮೈಲಿಗಲ್ಲೇ ದಾರಿ ಹಾಕಿತು ಎನ್ನಬೇಡಿ.

ಆದರೂ ಅವರ ಮಟ್ಟಿಗೆ ಈ ಚಿತ್ರದಲ್ಲಿ ಒಂದು ವಿಶೇಷವಿದೆ. ಮಾಜಾಂಗ್ ಎಂಬ, ಬಿಲ್ಲೆಗಳಿಂದ ಆಡುವ ಚೀನೀ ಆಟದ ದೃಶ್ಯವನ್ನು ನಿಧಾನವಾಗಿ ನೋಡಿ. ಕಥೆ ಸಿಂಗಪುರದ್ದಾದರೂ ಅದನ್ನು ಚಿತ್ರೀಕರಿಸಿದ್ದು ಮಲೇಷ್ಯಾದ ಪೆನಾಂಗ್‌ನ ಹಳೆಯ ನೀಲಿ ಮಹಲಿನಲ್ಲಿ. ಭಾವೀ ಸೊಸೆ ತನ್ನ ಆಟ ಗೆಲ್ಲಿಸಬಹುದಾದ ಬಿಲ್ಲೆಯನ್ನು ಬೇಕೆಂದೇ ಬಿಟ್ಟುಕೊಡುತ್ತಾಳೆ. ತಾಯಿ ಅದನ್ನೆತ್ತಿಕೊಂಡು ಗೆಲ್ಲುತ್ತಾಳೆ. ಆಮೇಲೆ ಹುಡುಗಿ ತನ್ನ ಬಿಲ್ಲೆಗಳನ್ನು ಮಗುಚಿ ತೋರಿಸಿ ಎದ್ದು ಹೋಗುತ್ತಾಳೆ. ಗೆದ್ದದ್ದು ತಾನಲ್ಲ ಎಂದು ತಾಯಿಗೆ ಆಗ ತಿಳಿಯುತ್ತದೆ. ಒದೆತ, ಜಿಗಿತ, ಕತ್ತಿವರಸೆಗಳಿಂದಲೇ ಹೆಸರಾದ ನಟಿ ಇಲ್ಲಿ ಕುರ್ಚಿ ಬಿಟ್ಟು ಏಳುವುದಿಲ್ಲ. ಎಲ್ಲವೂ ಕಣ್ಣಿನಲ್ಲಿ, ಬಿಗಿದ ತುಟಿಯಲ್ಲಿ. ಈ ದೃಶ್ಯದ ಬಗ್ಗೆ ನಿಮ್ಮಲ್ಲಿ ಒಂದಕ್ಷರವೂ ಇಲ್ಲ. ಉಡುಗೆ ಆಭರಣಗಳ ವೈಭವಕ್ಕೆ ಮಾತ್ರ ಒಂದು ಪುಟ ಸುರಿದಿದ್ದೀರಿ. ಅಲ್ಲೂ ಹೇಳಬೇಕಾದ್ದೊಂದು ಬಿಟ್ಟುಹೋಗಿದೆ. ಕೊನೆಗೆ ತಾಯಿಯ ಒಪ್ಪಿಗೆಯ ಗುರುತಾಗಿ ಸೊಸೆಯ ಬೆರಳಿಗೆ ಬರುವ ಪಚ್ಚೆಯುಂಗುರ ಮಿಶೆಲ್ ಯೋ ಅವರ ಸ್ವಂತದ್ದು.

ನಾಯಕಿ ಕಾನ್‌ಸ್ಟನ್ಸ್ ವೂ ಬಗ್ಗೆ ನೀವು ಬರೆದದ್ದನ್ನು ಪ್ರಕಟಿಸಲಾರೆ. 'ಯಶಸ್ಸು ತಲೆಗೇರಿ ಎಡವಿದ ನಟಿ' ಎಂಬುದು ಕಟ್ಟೆಪುರಾಣ. ನಡೆದದ್ದನ್ನು ಜೋಡಿಸಿ ನೋಡಿ. ಅವರು 2015ರಿಂದ 'ಫ್ರೆಶ್ ಆಫ್ ದಿ ಬೋಟ್' ಧಾರಾವಾಹಿಯ ಒಪ್ಪಂದದಲ್ಲಿದ್ದರು. ಸಿನಿಮಾದ ಚಿತ್ರೀಕರಣಕ್ಕೆ ಗೊತ್ತು ಮಾಡಿದ್ದ ದಿನಗಳಿಗೆ ಅದರ ಕಾಲ್‌ಶೀಟ್ ಅಡ್ಡ ಬಂತು. ಪಾತ್ರ ಕೈಬಿಡಬೇಕಾದ ಸ್ಥಿತಿಯಲ್ಲಿ ಅವರು ನಿರ್ದೇಶಕರಿಗೆ ಪತ್ರ ಬರೆದರು, ತನಗಾಗಿ ಕಾಯಿರಿ ಎಂದು. ಚೂ ಚಿತ್ರೀಕರಣವನ್ನೇ ಮುಂದೂಡಿದರು. ಆಮೇಲೆ, 2019ರ ಮೇ ತಿಂಗಳಿನಲ್ಲಿ, ಅದೇ ಧಾರಾವಾಹಿ ಇನ್ನೊಂದು ವರ್ಷ ಮುಂದುವರಿಯುತ್ತದೆಂದು ಘೋಷಣೆಯಾಯಿತು. ತಾನು ಮಾಡಬೇಕೆಂದಿದ್ದ ಮತ್ತೊಂದು ಕೆಲಸ ಇದರಿಂದ ತಪ್ಪುತ್ತದೆಂದು ಅವರು ಟ್ವಿಟರ್‌ನಲ್ಲಿ ಕಟುವಾಗಿ ಬರೆದುಕೊಂಡರು. ಜನ ಮುಗಿಬಿದ್ದರು. ಆ ನಿಂದನೆ ತನ್ನನ್ನು ಜೀವ ಕಳೆದುಕೊಳ್ಳುವ ಪ್ರಯತ್ನದವರೆಗೆ ಒಯ್ದಿತ್ತೆಂದು ಅವರು ಹೇಳಿಕೊಂಡದ್ದು 2022ರ ಜುಲೈನಲ್ಲಿ. ಆ ವರ್ಷವೇ ಅವರ ಆತ್ಮಕಥನವೂ ಬಂತು.

ಎರಡೂ ಸಲ ಅಡ್ಡಿಯಾದದ್ದು ಒಂದೇ ಒಪ್ಪಂದ ಎಂಬುದನ್ನು ಗಮನಿಸಿದಿರಾ? ಒಮ್ಮೆ ಕಾಯುವವರಿದ್ದರು, ಒಮ್ಮೆ ಇರಲಿಲ್ಲ. ನಟರ ವೃತ್ತಿಬದುಕು ಪ್ರತಿಭೆಯಿಂದ ನಡೆಯುವಷ್ಟೇ ಇಂಥ ದಿನಾಂಕದ ಹಗ್ಗಜಗ್ಗಾಟದಿಂದಲೂ ನಡೆಯುತ್ತದೆ. ಸ್ವಭಾವವನ್ನು ತೂಗುವ ಮೊದಲು ಒಪ್ಪಂದವನ್ನು ಓದಿ. ಅವರ ನೋವಿನ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ, ಅವರು ಹೇಳಿದಷ್ಟನ್ನೇ ಹೇಳಿ ಮುಂದೆ ಹೋಗಿ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಹಾಲಿವುಡ್‌ನ ದೊಡ್ಡ ಸ್ಟುಡಿಯೊವೊಂದು ಬಹುತೇಕ ಏಷ್ಯಾ ಮೂಲದ ಕಲಾವಿದರನ್ನೇ ಇಟ್ಟುಕೊಂಡು ಇಂದಿನ ಕಾಲದ ಕಥೆ ಮಾಡಿದ್ದು 1993ರ 'ಜಾಯ್ ಲಕ್ ಕ್ಲಬ್' ನಂತರ ಇದೇ ಮೊದಲು ಎಂದು ಸರಿಯಾಗಿಯೇ ಬರೆದಿದ್ದೀರಿ. 25 ವರ್ಷಗಳ ಅಂತರ. ಆಮೇಲೆ ನಾಯಕನ ಅಜ್ಜಿಯ ಪಾತ್ರವನ್ನು 'ಹಿರಿಯ ನಟಿಯೊಬ್ಬರು ನಿರ್ವಹಿಸಿದ್ದಾರೆ' ಎಂದು ದಾಟಿಬಿಟ್ಟಿದ್ದೀರಿ. ಆ ಹಿರಿಯ ನಟಿ ಲೀಸಾ ಲೂ. 1993ರ ಚಿತ್ರದಲ್ಲೂ ಅವರಿದ್ದರು, 2018ರದರಲ್ಲೂ ಇದ್ದಾರೆ. ನೀವು ಅಂಕಿಯಲ್ಲಿ ಬರೆದ ಆ ಅಂತರವನ್ನು ಒಬ್ಬರು ದೇಹದಲ್ಲಿ ಹೊತ್ತು ದಾಟಿ ಬಂದಿದ್ದಾರೆ, ಅವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ!

ಹುಟ್ಟಿದ್ದು 1927ರಲ್ಲಿ. 1960ರಲ್ಲೇ ಹಾಲಿವುಡ್‌ನ ಯುದ್ಧಚಿತ್ರವೊಂದರಲ್ಲಿ ಜೇಮ್ಸ್ ಸ್ಟೂವರ್ಟ್ ಎದುರು ನಾಯಕಿ. ಅಂಥ ಆರಂಭದ ಮೇಲೆ ಬೇರೆ ನಟಿಯಾಗಿದ್ದರೆ ತಾರೆಯಾಗುತ್ತಿದ್ದರು. ಆದರೆ ಚೀನೀ ಮುಖಕ್ಕೆ ಹಾಲಿವುಡ್ ಬರೆದಿಡುತ್ತಿದ್ದ ಪಾತ್ರಗಳು ಆಗ ಬೆರಳೆಣಿಕೆಯಷ್ಟು. ಅವರು ಹಾಂಗ್‌ಕಾಂಗ್‌ನಲ್ಲೂ ನಟಿಸಿದರು. ಅಲ್ಲಿನ 1975ರ ಚಿತ್ರದಲ್ಲಿ ಚೀನಾದ ರಾಜಮಾತೆ ಸಿಶಿಯಾದರು. ಹನ್ನೆರಡು ವರ್ಷ ಬಿಟ್ಟು ಇಟಲಿಯ ನಿರ್ದೇಶಕ ಬರ್ತೊಲುಚ್ಚಿ 'ದಿ ಲಾಸ್ಟ್ ಎಂಪರರ್' ತೆಗೆದಾಗ ಮತ್ತೆ ಅದೇ ರಾಜಮಾತೆ. ಇಷ್ಟೆಲ್ಲ ಆಗಿ, ತೊಂಬತ್ತರ ವಯಸ್ಸಿನಲ್ಲಿ ಈ ಹಾಸ್ಯಚಿತ್ರದ ಚಿತ್ರೀಕರಣಕ್ಕೆ ಬಂದಿಳಿದರು. ಹೊಸ ಹುಡುಗಿಯ ಮುಖವನ್ನು ಹತ್ತಿರದಿಂದ ನೋಡಿ 'ನಿನ್ನ ಮೂಗು ಶುಭಲಕ್ಷಣದ್ದು' ಎಂದು ಹರಸುವ ಅಜ್ಜಿಯೇ ಆಮೇಲೆ ಅವಳನ್ನು ಹೊರಗಟ್ಟುತ್ತಾಳೆ. ಆ ಎರಡು ದೃಶ್ಯಗಳಲ್ಲಿ ಹಳೆಯ ರಾಜಮಾತೆ ಇಣುಕಿ ಹೋಗುತ್ತಾಳೆ ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ನೀವು ಒಪ್ಪಬೇಕಿಲ್ಲ.

ಹಾಗಾಗಿ ನಿಮ್ಮ ಶೀರ್ಷಿಕೆಯೇ ತಪ್ಪು. ಒಂದು ಚಿತ್ರ ಎಲ್ಲರ ಬದುಕನ್ನೂ ಒಂದೇ ಬಗೆಯಲ್ಲಿ ಬದಲಿಸಲಿಲ್ಲ. ಗೋಲ್ಡಿಂಗ್‌ಗೆ ಅದು ಬಾಗಿಲು, ಯೋಗೆ ನಿಲ್ದಾಣ, ವೂಗೆ ಹಗ್ಗದ ಒಂದು ತುದಿ. ಲೀಸಾ ಲೂಗೆ ಬಹುಶಃ ತಡವಾಗಿ ಬಂದ ಪತ್ರ. ಉಳಿದ ಇಬ್ಬರು, ಅಂದರೆ ವೈದ್ಯವೃತ್ತಿ ಬಿಟ್ಟು ಹಾಸ್ಯಕ್ಕೆ ಬಂದ ಕೆನ್ ಜೊಂಗ್, ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ ನಟನೆಗೆ ಹೊರಳಿದ ಜೆಮ್ಮಾ ಚಾನ್, ಚೆನ್ನಾಗಿಯೇ ಇದ್ದಾರೆ. ಆದರೆ ಈ ಲೇಖನದಲ್ಲಿ ಅವರಿಗೆ ಜಾಗ ಬೇಡ. ಎಲ್ಲರನ್ನೂ ಕರೆದರೆ ಯಾರ ಜೊತೆಯೂ ಕೂತು ಮಾತಾಡಲು ಆಗುವುದಿಲ್ಲ.

ಭಾಷೆಯ ಬಗ್ಗೆ ಚುಟುಕಾಗಿ: 'ಬೆಳ್ಳಿತೆರೆಗೆ ಅಪ್ಪಳಿಸಿತು', 'ಗಲ್ಲಾಪೆಟ್ಟಿಗೆಯನ್ನು ಕೊಳ್ಳೆ ಹೊಡೆಯಿತು', 'ಮನಸೂರೆಗೊಂಡಿತು' ಮೂರನ್ನೂ ಹೊಡೆದುಹಾಕಿದ್ದೇನೆ. ಅಪ್ಪಳಿಸಿ, ಕೊಳ್ಳೆ ಹೊಡೆದು, ಸೂರೆಗೈಯುವುದು ದಂಡಯಾತ್ರೆಯ ವರದಿಗೆ ಸರಿ, ಇದು ಮದುವೆಯ ಕಥೆ. ಸುಮಾರು 3 ಕೋಟಿ ಡಾಲರಿನಲ್ಲಿ ತಯಾರಾಗಿ 23 ಕೋಟಿ ಡಾಲರ್ ದಾಟಿತು ಎಂದರೆ ಓದುಗರಿಗೆ ಸಾಕು. ಅದನ್ನು ರೂಪಾಯಿಗೆ ಪರಿವರ್ತಿಸಿ ಮೂರು ಸಾಲು ಸೊನ್ನೆ ಬರೆಯುವ ಅಗತ್ಯವಿಲ್ಲ.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ತಿರಸ್ಕರಿಸುತ್ತಿಲ್ಲ. ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆಯಿರಿ. ಮೊದಲ ಪ್ಯಾರಾ ಅಜ್ಜಿಯಿಂದ ಶುರುವಾಗಲಿ. ಉಂಗುರದ ಸಂಗತಿಯನ್ನು ಛಾಯಾಚಿತ್ರದ ಅಡಿಟಿಪ್ಪಣಿಗೆ ಇಟ್ಟುಕೊಳ್ಳೋಣ, ಒಳಗೆ ಹಾಕಬೇಡಿ. ಮತ್ತೆ ಕಳಿಸುವ ಮೊದಲು ಆ ಮಾಜಾಂಗ್ ದೃಶ್ಯವನ್ನು ಒಮ್ಮೆ ಧ್ವನಿ ಆರಿಸಿ ನೋಡಿ.

ನಿಮ್ಮ,
ಸಂಪಾದಕ