ಗಡಿಯಾರ ಯಾರ ಕೈಯಲ್ಲಿದೆ?

ಗದಗದ ಮಾಸ್ತರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಎಂಟು ದಿನ ಆಯಿತು. ಫುಲ್‌ಸ್ಕೇಪ್ ಹಾಳೆ, ನಾಲ್ಕು ಮಗ್ಗಲು, ಮುಖ್ಯ ಮಾತಿನ ಕೆಳಗೆಲ್ಲ ಕೆಂಪು ಗೆರೆ. 30 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್ ಆಗಿದ್ದವರು ಇಷ್ಟು ಕಳಕಳಿಯಿಂದ ಬರೆದಾಗ ಎರಡು ಸಾಲು ಉತ್ತರ ಕೊಟ್ಟು ಸುಮ್ಮನಿರಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಸಲ ಈ ಪುಟ ಪೂರ್ತಿ ನಿಮಗೇ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾವು ಕ್ಯಾಟಮರಾನ್ ಓಟದ ಬಗ್ಗೆ ಬರೆದಿದ್ದೆವು. ಎರಡು ಒಡಲಿನ ಹಾಯಿದೋಣಿ, ನೀರಿನ ಮೇಲೆ ಹಾರಿಕೊಂಡೇ ಹೋಗುವಂಥದ್ದು. ಅದನ್ನು ಓದಿ ಮಾಸ್ತರು ಯೂಟ್ಯೂಬಿನಲ್ಲಿ ಹಳೆಯ ಓಟಗಳನ್ನೆಲ್ಲ ನೋಡಿದ್ದಾರೆ. ನೋಡಿ ಸಿಟ್ಟಾಗಿದ್ದಾರೆ. ಗಾಳಿಯಿಂದ ಓಡುವ ದೋಣಿ ಗಾಳಿಗಿಂತ ಜೋರಾಗಿ ಓಡಲು ಸಾಧ್ಯವೇ ಇಲ್ಲ, ಎಲ್ಲೋ ಎಂಜಿನ್ ಇದೆ ಅನ್ನುತ್ತಾರೆ. ಇದು ಆಟ ಅಲ್ಲ, ದುಡ್ಡಿನ ಮೇಲಾಟ ಅನ್ನುತ್ತಾರೆ. 2013ರ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಸ್ಪರ್ಧೆಯಲ್ಲಿ ನ್ಯೂಜಿಲೆಂಡ್‌ಗೆ ಮೋಸ ಆಯಿತು, ಮೋಸ ಮಾಡಿದವರೇ ಕಪ್ ಒಯ್ದರು ಅನ್ನುತ್ತಾರೆ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಚ್ಚುವ ಹಾಗೆ ಎಲ್ಲರಿಗೂ ಒಂದೇ ನಮೂನೆಯ ದೋಣಿ ಕೊಟ್ಟರೆ ಮಾತ್ರ ಅದು ನ್ಯಾಯದ ಸ್ಪರ್ಧೆ ಅನ್ನುವುದು ಅವರ ಕೊನೆಯ ಮಾತು.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಲೇಖನದಲ್ಲಿ ವೇಗ ಗಂಟೆಗೆ 50 ಕಿ.ಮೀ. ಎಂದು ಅಚ್ಚಾಗಿದೆ. ಅದು 50 ನಾಟ್ ಆಗಬೇಕಿತ್ತು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಹಾಗಾಗಿ ಗಂಟೆಗೆ 92 ಕಿ.ಮೀ.ಗೂ ಜಾಸ್ತಿ. ಎಂಜಿನ್ ಇಲ್ಲ, ಹಾಯಿ ಮಾತ್ರ.

ನಂಬಿಕೆ ಬರಲಿಲ್ಲ ಅಂದಿರಿ. ನೀವಿರುವುದು ಗದಗದಲ್ಲಿ. ಒಂದು ಸಂಜೆ ಕಪ್ಪತಗುಡ್ಡದ ಕಡೆ ಹೋಗಿ ಗಾಳಿ ಫ್ಯಾನುಗಳ ಕೆಳಗೆ ನಿಂತು ನೋಡಿ. ದೂರದಿಂದ ನಿಧಾನ ತಿರುಗಿದ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ರೆಕ್ಕೆಯ ತುದಿ ಸುಂಯ್ ಸುಂಯ್ ಅಂತ ಗಾಳಿ ಸೀಳುವುದು ಕೇಳುತ್ತದೆ. ಆ ತುದಿ ಬೀಸುವ ಗಾಳಿಗಿಂತ ಎಷ್ಟೋ ಪಟ್ಟು ಜೋರಾಗಿ ಓಡುತ್ತಿರುತ್ತದೆ. ಯಾಕೆ? ಗಾಳಿ ಅದನ್ನು ಹಿಂದಿನಿಂದ ತಳ್ಳುತ್ತಿಲ್ಲ. ರೆಕ್ಕೆ ಗಾಳಿಗೆ ಅಡ್ಡ ಹೋಗುತ್ತಿದೆ. ಈ ದೋಣಿಯ ಹಾಯಿಯೂ ಅಂಥದ್ದೇ ರೆಕ್ಕೆ, ಬಟ್ಟೆಯ ಜೋಲು ಹಾಯಿ ಅಲ್ಲ, ಗಟ್ಟಿ ರೆಕ್ಕೆ. ಗಾಳಿಗೆ ಬೆನ್ನು ಕೊಟ್ಟು ನೆಟ್ಟಗೆ ಓಡಿದರೆ ಗಾಳಿಯನ್ನು ಹಿಂದೆ ಹಾಕಲು ಆಗುವುದಿಲ್ಲ, ಆದರೆ ಓರೆಯಾಗಿ ಓಡಿದರೆ ದೋಣಿ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎಲೆ ಅಲುಗದ ದಿನ ಧಾರವಾಡ ರೋಡಿನಲ್ಲಿ ಬೈಕ್ ಓಡಿಸಿದರೂ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಹಾಗೆ.

ಇನ್ನು ದೋಣಿಯ ಅಡಿಯಲ್ಲಿ ಫಾಯಿಲ್ ಎಂಬ ಬಾಗಿದ ಹಲಗೆ ಇರುತ್ತದೆ. ನೀರಿನೊಳಗೆ ಅದು ವಿಮಾನದ ರೆಕ್ಕೆಯ ಕೆಲಸ ಮಾಡುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಹಾಗಾಗಿ ಸಣ್ಣ ಹಲಗೆಯೇ ಟನ್‌ಗಟ್ಟಲೆ ಭಾರದ ದೋಣಿಯನ್ನು ಎತ್ತಿಬಿಡುತ್ತದೆ. ಒಡಲು ನೀರು ಬಿಟ್ಟು ಮೇಲೆದ್ದ ಕೂಡಲೇ ನೀರಿನ ಎಳೆತ ಕಡಿಮೆಯಾಗಿ ದೋಣಿ ಹಾರುತ್ತದೆ. ಅಂದ ಹಾಗೆ ಈ ಕ್ಯಾಟಮರಾನ್ ಅನ್ನುವ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು. ಕಟ್ಟು, ಮರ. ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಈಗ ನಿಜವಾದ ಮಾತಿಗೆ ಬರೋಣ.

2013ರ ಸೆಪ್ಟೆಂಬರ್, ಸ್ಯಾನ್ ಫ್ರಾನ್ಸಿಸ್ಕೊ, ಅಮೆರಿಕಾಸ್ ಕಪ್. 72 ಅಡಿ ಉದ್ದದ ದೋಣಿಗಳು, ಒಂದೊಂದರಲ್ಲಿ 11 ಜನ, ಸುಮಾರು 40 ಮೀಟರ್ ಎತ್ತರದ ರೆಕ್ಕೆ. ಕಪ್ ಕೈಯಲ್ಲಿದ್ದದ್ದು ಅಮೆರಿಕದ ಒರಾಕಲ್ ತಂಡಕ್ಕೆ. ಸವಾಲು ಹಾಕಿದ್ದು ನ್ಯೂಜಿಲೆಂಡ್. ಮೊದಲು 9 ಪಾಯಿಂಟ್ ಮಾಡಿದವರು ಗೆದ್ದ ಹಾಗೆ. ನಾನು ಪೂರ್ತಿ ನ್ಯೂಜಿಲೆಂಡ್ ಕಡೆ ಇದ್ದೆ, ಇದನ್ನು ಮುಚ್ಚಿಡುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ಸುಮಾರು 45 ಲಕ್ಷ ಜನ. ಆ ದೇಶ ಹೆಚ್ಚೂಕಡಿಮೆ ಅಷ್ಟೇ. ಅಷ್ಟು ಸಣ್ಣ ದೇಶ ಸರ್ಕಾರದ ದುಡ್ಡು ಹಾಕಿ, ತಾನೇ ದೋಣಿ ಕಟ್ಟಿ, ಜಗತ್ತಿನ ದೊಡ್ಡ ಶ್ರೀಮಂತರೊಬ್ಬರ ತಂಡದ ಎದುರು ನಿಂತಿತ್ತು. ನಿಂತದ್ದಷ್ಟೇ ಅಲ್ಲ, 8–1 ಮುಂದೆ ಇತ್ತು.

ಅಲ್ಲಿ ಮಧ್ಯಾಹ್ನ ಓಟ ಶುರುವಾದರೆ ನಮಗೆ ರಾತ್ರಿ ಪೌಣೆ ಎರಡು ಗಂಟೆ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಪ್ರೂಫ್ ತಿದ್ದುವ ಟೇಬಲ್ ಮೇಲೆ ಕಂಪ್ಯೂಟರ್. ಪಕ್ಕದಲ್ಲಿ ಫ್ಲಾಸ್ಕಿನ ಚಹಾ. ನೆಟ್ ನಿಂತು ನಿಂತು ಬರುತ್ತಿತ್ತು. ಆಗ ಸ್ಕೋರ್ 8–2. ಇನ್ನೊಂದು ಗೆದ್ದರೆ ಮುಗಿಯಿತು. ಅವತ್ತು ಗಾಳಿಯೇ ಇಲ್ಲ. ಹಾರುವ ದೋಣಿಗಳು ಹೊಟ್ಟೆ ನೀರಿಗೆ ಹಚ್ಚಿಕೊಂಡು ತೆವಳುತ್ತಿದ್ದವು. ನ್ಯೂಜಿಲೆಂಡ್ ಎಷ್ಟೋ ಮುಂದಿತ್ತು, ಹಿಂದಿನ ದೋಣಿ ಆಟಕ್ಕೇ ಇಲ್ಲ ಅನ್ನುವಷ್ಟು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. 40 ನಿಮಿಷದಲ್ಲಿ ಯಾರೂ ಮುಗಿಸದಿದ್ದರೆ ಓಟ ರದ್ದು ಅಂತ ನಿಯಮ. ಚಿತ್ರ ಒಮ್ಮೆ ಹಾಗೇ ನಿಂತುಬಿಟ್ಟಿತು, ಕೆಂಪು ದೋಣಿ, ಬೂದು ನೀರು. ಮತ್ತೆ ಬಂದಾಗ ಓಟ ರದ್ದಾಗಿತ್ತು. ನಾನು ಚಹಾದ ಲೋಟ ಹಿಡಿದುಕೊಂಡೇ ಕೂತಿದ್ದೆ. ಅದೇ ದಿನ ಗಾಳಿ ಬಂದ ಮೇಲೆ ಮತ್ತೆ ಓಡಿಸಿದರು, ಅಮೆರಿಕ ಗೆದ್ದಿತು. ಆಮೇಲೆ ಅದು ಸೋಲಲೇ ಇಲ್ಲ. 8–1ರಿಂದ ಲೆಕ್ಕ ಹಿಡಿದರೆ ಸಾಲಾಗಿ ಎಂಟು ಗೆದ್ದು ಸೆಪ್ಟೆಂಬರ್ 25ಕ್ಕೆ ಕಪ್ ಉಳಿಸಿಕೊಂಡಿತು, 9–8.

ನೀವು ಬರೆದಿದ್ದೀರಿ: ಗೆಲ್ಲುತ್ತಿದ್ದವರನ್ನು ಗಡಿಯಾರ ತೋರಿಸಿ ನಿಲ್ಲಿಸುವುದು ಯಾವ ನ್ಯಾಯ? ನನಗೂ ಆ ರಾತ್ರಿ ಹಾಗೇ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಕಾರಣ ಹೇಳಲು ನಮ್ಮ ಕಾಕಾನ ಕಥೆ ಹೇಳಬೇಕು.

ನಮ್ಮ ಊರು ಹಾವೇರಿ ಕಡೆ. ಜಾತ್ರೆಯಲ್ಲಿ ಖಾಲಿ ಚಕ್ಕಡಿ ಓಟ ಇರುತ್ತಿತ್ತು. ನಿಮಗೆ ಗೊತ್ತಿರುವುದೇ, ಒಂದು ಜೋಡಿ ಎತ್ತು ಓಡಿದ ಮೇಲೆ ಇನ್ನೊಂದು ಜೋಡಿ, ಒಂದು ನಿಮಿಷದಲ್ಲಿ ಯಾರು ಜಾಸ್ತಿ ದೂರ ಹೋಗುತ್ತಾರೋ ಅವರದು ಬಹುಮಾನ. ಒಬ್ಬರು ಗಡಿಯಾರ ನೋಡಿ ಸೀಟಿ ಊದಬೇಕು. ಸೀಟಿಯ ಹೊತ್ತಿಗೆ ಗಾಲಿ ಎಲ್ಲಿತ್ತೋ ಅಲ್ಲಿ ಸುಣ್ಣದ ಗುರುತು. ಆ ವರ್ಷ ಕಾಕಾನ ಗುರುತೇ ಎಲ್ಲಕ್ಕಿಂತ ಮುಂದಿತ್ತು. ಕೊನೆಯ ಜೋಡಿ ಬಂತು. ಗಡಿಯಾರ ಹಿಡಿದವರು ಆ ಎತ್ತಿನ ಮಾಲಕನ ಬೀಗರು. ಸೀಟಿ ತಡವಾಯಿತು. ಎಷ್ಟು ತಡ? ಮೂರು, ನಾಲ್ಕು ಸೆಕೆಂಡ್ ಇರಬಹುದು. ಕಾಕಾನ ಸುಣ್ಣದ ಗುರುತಿನ ಮೇಲೇ ಗಾಲಿ ಹಾಯ್ದುಹೋಯಿತು. ನಾನು ಆಗ ಸಣ್ಣವನು, ಗುರುತಿನ ಪಕ್ಕದಲ್ಲೇ ಕೂತಿದ್ದೆ. ಗಾಲಿಯ ಹಳಿಗೆ ಅಂಟಿದ ಸುಣ್ಣ ತಿರುಗುತ್ತ ಹೋಗಿ, ಮಣ್ಣಿನ ಮೇಲೆ ಒಂದೊಂದು ಸುತ್ತಿಗೂ ಒಂದು ಬಿಳಿ ಚುಕ್ಕೆ ಬಿಟ್ಟಿತ್ತು. ಜನ ಗಲಾಟೆ ಮಾಡಿದರು. ಆ ಎತ್ತಿಗೆ ಏನೇನು ತಿನ್ನಿಸಿದ್ದಾರೆ, ಎಷ್ಟು ದುಡ್ಡು ಸುರಿದಿದ್ದಾರೆ ಅಂತೆಲ್ಲ ಕೂಗಾಡಿದರು. ಕಾಕಾ ಅದ್ಯಾವುದನ್ನೂ ಹಿಡಿಯಲಿಲ್ಲ. "ಅವನ ಎತ್ತು ನನ್ನ ಎತ್ತಿಗಿಂತ ಚಲೋ ಇದ್ರ ಇರ್ಲಿ. ಗಡಿಯಾರ ಇಬ್ಬರಿಗೂ ಒಂದ ಇರ್ಬೇಕು" ಅಂದ. ಎತ್ತು ಬಿಚ್ಚಿಕೊಂಡು ಮನೆಗೆ ಬಂದ.

ಆ 40 ನಿಮಿಷದ ನಿಯಮ ಓಟಕ್ಕೆ ಮೊದಲೇ ಬರೆದದ್ದು. ಇಬ್ಬರಿಗೂ ಒಂದೇ. ಅಮೆರಿಕ ಮುಂದೆ ಇದ್ದಿದ್ದರೆ ಅವರ ಓಟವೂ ರದ್ದಾಗುತ್ತಿತ್ತು. ನ್ಯೂಜಿಲೆಂಡಿನ ಹೊಟ್ಟೆ ಉರಿದದ್ದು ನಿಜ, ನನ್ನದೂ ಉರಿದಿದೆ. ಆದರೆ ಅದು ದುರದೃಷ್ಟ, ಮೋಸ ಅಲ್ಲ ಮಾಸ್ತರೇ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಮೋಸ ಬೇರೆ ನಡೆದಿತ್ತು. ಅದನ್ನು ನೀವು ಸರಿಯಾಗೇ ಹಿಡಿದಿದ್ದೀರಿ. ಕಪ್‌ಗೆ ಮೊದಲು ನಡೆದ ಸಣ್ಣ ದೋಣಿಗಳ ಸರಣಿಯಲ್ಲಿ ಒರಾಕಲ್ ತಂಡದವರು ಎಲ್ಲರದೂ ಒಂದೇ ನಮೂನೆ ಇರಬೇಕಾದ ದೋಣಿಯಲ್ಲಿ ಗುಟ್ಟಾಗಿ ತೂಕ ಸೇರಿಸಿದ್ದರು. ನೀವು ಕೇಳುವ "ಎಲ್ಲರಿಗೂ ಒಂದೇ ದೋಣಿ" ಇದ್ದಲ್ಲೇ ಈ ಕಳ್ಳತನ ಆದದ್ದು, ಇದನ್ನು ಗಮನಿಸಿ. ಅದು ಸಿಕ್ಕಿಬಿತ್ತು. ಜ್ಯೂರಿ, ಅಂದರೆ ತೀರ್ಪುಗಾರರ ಮಂಡಳಿ, ಏನು ಮಾಡಿತು? ಫೈನಲ್ ಶುರುವಾಗುವ ಮೊದಲೇ, ಕಪ್ ಇಟ್ಟುಕೊಂಡವರಿಗೇ, ಅವರದೇ ಊರಿನಲ್ಲಿ, 2 ಪಾಯಿಂಟ್ ದಂಡ, 2,50,000 ಡಾಲರ್ ಜುಲ್ಮಾನೆ. ಕೆಲವರನ್ನು ದೋಣಿಯಿಂದಲೇ ಇಳಿಸಿತು. ನ್ಯೂಜಿಲೆಂಡಿಗೆ 9 ಓಟ ಗೆದ್ದರೆ ಸಾಕಿತ್ತು, ಅಮೆರಿಕಕ್ಕೆ 11 ಬೇಕಾಯಿತು. ನೀರಿನ ಮೇಲಿನ ಲೆಕ್ಕ 11–8. ತಂಡವನ್ನೇ ಹೊರಗೆ ಹಾಕಬೇಕಿತ್ತು ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ತಪ್ಪು ಮಾಡಿದವರು ಹೋದರು, ತಂಡ ದಂಡ ತೆತ್ತಿತು, ಆಮೇಲೆ ಉಳಿದವರು ಮರ್ಯಾದೆಯಿಂದ ಓಡಿ ಗೆದ್ದರು. ಅವರ ಗೆಲುವನ್ನು ನಾನು ಕಸಿದುಕೊಳ್ಳಲಾರೆ, ನ್ಯೂಜಿಲೆಂಡ್ ಕಡೆ ಇದ್ದರೂ ಸಹ.

ಅದೇ ವರ್ಷದ ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ನನಗೆ ಮಾತ್ರ ಅದೇ ಎಲ್ಲಕ್ಕಿಂತ ದೊಡ್ಡದು. ಮೇ 9ಕ್ಕೆ, ಇದೇ ಕಪ್‌ಗೆ ತಯಾರಾಗುತ್ತಿದ್ದ ಆರ್ಟೆಮಿಸ್ ಎಂಬ ಇನ್ನೊಂದು ತಂಡದ ದೋಣಿ ಅಭ್ಯಾಸದಲ್ಲಿ ಮಗುಚಿ ಆಂಡ್ರ್ಯೂ ಸಿಂಪ್ಸನ್ ಸತ್ತರು. ಒಲಿಂಪಿಕ್ ಚಿನ್ನ ಗೆದ್ದವರು, ದೋಣಿಯ ಅಡಿಯಲ್ಲಿ ಸಿಕ್ಕಿಹಾಕಿಕೊಂಡು ಹೋದರು. ಅದಾದ ಮೇಲೆ ಸುರಕ್ಷತೆಗೆಂದು 37 ಸಲಹೆ ಬಂದವು. ಎಷ್ಟು ಗಾಳಿಯವರೆಗೆ ಓಡಿಸಬಹುದು ಅನ್ನುವ ಮಿತಿ 33 ನಾಟ್‌ನಿಂದ 23ಕ್ಕೆ ಇಳಿಯಿತು. ಅದನ್ನು ಯಾರೂ ಬೇಡ ಅನ್ನಬಾರದು. ಆದರೆ ಚುಕ್ಕಾಣಿಯ ಅಳತೆಯ ನಿಯಮ ಬದಲಿಸಹೋದಾಗ ನ್ಯೂಜಿಲೆಂಡ್ ಮತ್ತು ಇಟಲಿಯ ತಂಡಗಳು ತಕರಾರು ಎತ್ತಿದವು. ನಾವು ಹಳೆಯ ನಿಯಮ ನೋಡಿ ದೋಣಿ ಕಟ್ಟಿದ್ದೇವೆ, ಈಗ ಬದಲಿಸಿದರೆ ಹೇಗೆ? ಜ್ಯೂರಿ ಅವರ ಮಾತು ಎತ್ತಿಹಿಡಿಯಿತು. ಎಲ್ಲ ತಂಡ ಒಪ್ಪದೆ ದೋಣಿಯ ನಿಯಮ ಬದಲಿಸುವ ಹಾಗಿಲ್ಲ ಅಂದಿತು. ಸಾವಿನ ದುಃಖದ ನಡುವೆ ಹಾಗೆ ಹೇಳುವುದು ಸುಲಭದ ಮಾತಲ್ಲ. ಆ ಜ್ಯೂರಿ ಬಗ್ಗೆ ನನಗೆ ಗೌರವ ಬಂದದ್ದು ಅಲ್ಲಿ.

ದುಡ್ಡಿನ ಮಾತಿಗೆ ಬಂದರೆ, ಕುಸ್ತಿಯಲ್ಲಿ ದುಡ್ಡಿಲ್ಲವೇ? ಒಬ್ಬ ಹಾಲು, ತುಪ್ಪ, ಬದಾಮಿ ತಿಂದು ಗರಡಿಗೆ ಬರುತ್ತಾನೆ, ಇನ್ನೊಬ್ಬ ರೊಟ್ಟಿ ತಿಂದು ಹೊಲದ ಕೆಲಸ ಮುಗಿಸಿ ಬರುತ್ತಾನೆ. ತೂಕ ಒಂದೇ, ಬೆನ್ನ ಹಿಂದಿನ ಬಲ ಒಂದೇ ಅಲ್ಲ. 2012ರಲ್ಲಿ ಅಷ್ಟು ದೊಡ್ಡ ದೋಣಿಯನ್ನು ಫಾಯಿಲ್ ಮೇಲೆ ಮೊದಲು ಎಬ್ಬಿಸಿದ್ದು ಯಾರು? ದುಡ್ಡಿದ್ದವರಲ್ಲ, ನ್ಯೂಜಿಲೆಂಡಿನವರು. ನಿಯಮ ಬರೆದವರು ದೋಣಿ ಹಾರಲಿ ಅಂತ ಬರೆದಿರಲಿಲ್ಲ. ಇವರು ಅದೇ ನಿಯಮವನ್ನು ಹತ್ತು ಸಲ ಓದಿ ದಾರಿ ಕಂಡುಕೊಂಡರು. ಎಲ್ಲರಿಗೂ ಒಂದೇ ದೋಣಿ ಕೊಟ್ಟಿದ್ದರೆ ಆ ಜಾಣತನಕ್ಕೆ ಜಾಗವೇ ಇರುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಈ ಕಪ್ ಗೆದ್ದವರು ಮುಂದಿನ ಸಲ ಎಲ್ಲಿ, ಎಂಥ ದೋಣಿಯಲ್ಲಿ ಓಡಬೇಕು ಅನ್ನುವುದನ್ನು ಬಹುಮಟ್ಟಿಗೆ ತಾವೇ ಠರಾಯಿಸುತ್ತ ಬಂದಿದ್ದಾರೆ. ಇದು ಬೀಗರ ಕೈಯಲ್ಲಿ ಗಡಿಯಾರ ಕೊಟ್ಟ ಹಾಗೆ. 1851ರ ಮೊದಲ ಓಟದಲ್ಲೇ ಗೆದ್ದ ದೋಣಿ ಒಂದು ಗುರುತನ್ನು ಸುತ್ತಿ ಬರಲಿಲ್ಲ ಅಂತ ತಕರಾರು ಬಂದಿತ್ತು, ಕೊಟ್ಟ ಸೂಚನೆಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲವಾದ್ದರಿಂದ ಅದು ನಿಲ್ಲಲಿಲ್ಲ. 1870ರಲ್ಲಿ ಇಂಗ್ಲೆಂಡಿನಿಂದ ಒಂದೇ ದೋಣಿ ಸವಾಲು ಹಾಕಿ ಬಂದರೆ ನ್ಯೂಯಾರ್ಕಿನವರು ಅದರ ಎದುರು ದೋಣಿಗಳ ಹಿಂಡನ್ನೇ ಇಳಿಸಿದರು. 1988ರಲ್ಲಿ ನ್ಯೂಜಿಲೆಂಡ್ ದೈತ್ಯ ಗಾತ್ರದ ಒಂಟಿ ಒಡಲಿನ ದೋಣಿ ತಂದಿತು, ಅಮೆರಿಕದವರು ಹಗುರಾದ ಕ್ಯಾಟಮರಾನ್ ತಂದು 2–0 ಮುಗಿಸಿದರು. ಕೋರ್ಟಿಗೆ ಹೋಯಿತು. ಮೊದಲು ನ್ಯೂಜಿಲೆಂಡ್ ಕಡೆ ತೀರ್ಪು, ಅಪೀಲಿನಲ್ಲಿ ಉಲ್ಟಾ, 1990ಕ್ಕೆ ಕೊನೆಯಾಯಿತು. ಬರೆದ ಕಾಗದದಲ್ಲಿ ಕ್ಯಾಟಮರಾನ್ ಬೇಡ ಅಂತ ಎಲ್ಲೂ ಇರಲಿಲ್ಲ. ಕಾನೂನು ಸರಿ, ಆದರೆ ಆ ಓಟ ನೋಡಲು ಯಾರಿಗೆ ಮನಸ್ಸು ಬರುತ್ತದೆ? ನನಗಂತೂ ಬರಲಿಲ್ಲ.

ನೀವು ಪತ್ರದಲ್ಲಿ ಹೊಗಳಿದ ಸೇಲ್‌ಜಿಪಿ ಎಂಬ ಹಾಯಿದೋಣಿ ಓಟಗಳ ಸರಣಿ 2019ರಲ್ಲಿ ಶುರುವಾಯಿತು. ಎಲ್ಲರದೂ ಒಂದೇ ನಮೂನೆಯ ಎಫ್50 ಕ್ಯಾಟಮರಾನ್. ಅವತ್ತು ಯಾವ ಅಳತೆಯ ರೆಕ್ಕೆ ಅನ್ನುವುದೂ ಎಲ್ಲರಿಗೂ ಒಂದೇ. ಒಬ್ಬರ ದೋಣಿಯ ಲೆಕ್ಕವನ್ನೆಲ್ಲ ಉಳಿದವರು ತೆಗೆದು ನೋಡಬಹುದು, ಗುಟ್ಟು ಅನ್ನುವುದೇ ಇಲ್ಲ. ಬಹಳ ಚಲೋ ಏರ್ಪಾಡು, ನನಗೂ ಇಷ್ಟ. ಆದರೂ ಮೊದಲ ಮೂರು ಸೀಸನ್ ಒಬ್ಬರೇ ಗೆದ್ದರು, ಆಸ್ಟ್ರೇಲಿಯಾದವರು. ಹೊಸ ತಂಡಕ್ಕೆ ದೋಣಿ ಅದೇ ಸಿಗುತ್ತದೆ, ಅದರ ಮೇಲೆ ಕಳೆದ ತಾಸುಗಳು ಸಿಗುವುದಿಲ್ಲ. 2024ರಲ್ಲಿ ಇನ್ನೊಂದು ಆಯಿತು. ಕೊನೆಯ ಓಟಕ್ಕೆ ಮೊದಲು ಸೀಸನ್ನಿನ ಪಟ್ಟಿಯಲ್ಲಿ ನ್ಯೂಜಿಲೆಂಡ್ ಎಲ್ಲರಿಗಿಂತ ಮೇಲಿತ್ತು. ನಿಯಮದ ಪ್ರಕಾರ ಮೇಲಿನ ಮೂರು ತಂಡಕ್ಕೆ ಕೊನೆಯಲ್ಲಿ ಒಂದೇ ಒಂದು ಓಟ. ಅದರಲ್ಲಿ ಸ್ಪೇನ್ ಗೆದ್ದಿತು, ಸೀಸನ್ನೂ ಸ್ಪೇನಿನದಾಯಿತು. ವರ್ಷದ ದುಡಿಮೆ ಒಂದು ಸಣ್ಣ ಓಟದಲ್ಲಿ ಹೋಯಿತು ಅಂತ ಅಭಿಮಾನಿಗಳು ಬೇಜಾರಾದರು. ಆ ನಿಯಮ ನನಗೂ ಸೇರುವುದಿಲ್ಲ, ಮೇಲಿದ್ದವರಿಗೆ ಏನಾದರೂ ಹೆಚ್ಚಿಗೆ ಸಿಗಬೇಕಿತ್ತು. ಆದರೆ ಸ್ಪೇನ್ ಮೋಸ ಮಾಡಿತು ಅಂತ ಯಾರಾದರೂ ಅಂದರೆ ನಾನು ಸ್ಪೇನಿನ ಪರ ನಿಲ್ಲುತ್ತೇನೆ.

ಅಲ್ಲಿ ಅಂಪೈರುಗಳು ಎಲ್ಲಿ ಕೂರುತ್ತಾರೆ ಗೊತ್ತಾ? ಓಟ ಯಾವ ದೇಶದಲ್ಲಿದ್ದರೂ ಅವರು ಲಂಡನ್ನಿನ ಒಂದು ಕೋಣೆಯಲ್ಲಿ ಪರದೆ ನೋಡುತ್ತ ತೀರ್ಪು ಕೊಡುತ್ತಾರೆ. ದೋಣಿಗಳು ಎಲ್ಲಿವೆ ಅನ್ನುವುದು ಜಿಪಿಎಸ್‌ನಿಂದ ಅವರಿಗೆ ಕಾಣುತ್ತಿರುತ್ತದೆ. ಕಾಕಾ ಇದ್ದಿದ್ದರೆ ಇದನ್ನು ಕೂರಿಸಿಕೊಂಡು ತೋರಿಸುತ್ತಿದ್ದೆ.

ಪತ್ರದ ಕೊನೆಗೆ ನೀವೊಂದು ಮಾತು ಬರೆದಿದ್ದೀರಿ: 30 ವರ್ಷ ತಾಲೂಕು ಕ್ರೀಡಾಕೂಟಗಳಲ್ಲಿ ಒಂದೇ ಸ್ಟಾಪ್‌ವಾಚ್ ಬಳಸಿದೆ, ನನ್ನ ಸ್ವಂತ ಮಗ ಓಡಿದ ದಿನ ಮಾತ್ರ ಅದನ್ನು ಬೇರೆ ಶಾಲೆಯ ಮಾಸ್ತರ ಕೈಗೆ ಕೊಟ್ಟು ಮೈದಾನದ ಆಚೆ ಹೋಗಿ ನಿಂತೆ, ಅಂತ. ಉಳಿದದ್ದನ್ನೆಲ್ಲ ನಿಮ್ಮೊಡನೆ ವಾದ ಮಾಡಿದೆ, ಆ ಸಾಲನ್ನು ಮಾತ್ರ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆ ಸ್ಟಾಪ್‌ವಾಚ್ ಇನ್ನೂ ಇದ್ದರೆ ಅದರದೊಂದು ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪೂರ್ತಿ ಪತ್ರ ಹಾಕುತ್ತೇವೆ, ಜೊತೆಗೆ ಆ ಫೋಟೋ ಇರಲಿ.

— ಸಂಪಾದಕ