ಹಸಿವಾಗುವವರೆಗೆ ಕಾಯಬೇಡಿ: ದೂರದ ಸೈಕಲ್ ರೇಸಿನಲ್ಲಿ ತಿನ್ನುವುದು, ಕುಡಿಯುವುದು

ಪ್ರಶ್ನೆ: ಹೋದ ತಿಂಗಳು ಮೊದಲ ಸಲ 160 ಕಿ.ಮೀ. ರೋಡ್ ರೇಸಿನಲ್ಲಿ ಭಾಗವಹಿಸಿದೆ. ಬೆಳಿಗ್ಗೆ ಚೆನ್ನಾಗಿ ತಿಂದಿದ್ದೆ. ದಾರಿಯಲ್ಲಿ ಹಸಿವೇ ಆಗಲಿಲ್ಲ, ಎರಡು ಬಾಳೆಹಣ್ಣು ಬಿಟ್ಟರೆ ಏನೂ ತಿನ್ನಲಿಲ್ಲ. ನಾಲ್ಕು ಗಂಟೆ ಕಳೆದು 110 ಕಿ.ಮೀ. ದಾಟುವಷ್ಟರಲ್ಲಿ ಕಾಲಲ್ಲಿ ಜೀವವೇ ಇಲ್ಲ. ಕೈ ನಡುಕ, ಕಣ್ಣು ಮಂಜು. ಗಾಬರಿಯಲ್ಲಿ ಮೂರು ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆ ಪಾಕ) ಒಟ್ಟಿಗೆ ನುಂಗಿದೆ, ವಾಂತಿಯಾಯಿತು. ನನ್ನ ತೂಕ 65 ಕೆ.ಜಿ. ಎಲ್ಲಿ ತಪ್ಪಿದೆ?

ನಿಮಗೆ ಆಗಿದ್ದಕ್ಕೆ ಸೈಕಲಿಸ್ಟ್‌ಗಳು ‘ಬಾಂಕ್’ ಎನ್ನುತ್ತಾರೆ. ಅದು ಕಾಣಿಸಿಕೊಂಡದ್ದು ನಾಲ್ಕನೇ ಗಂಟೆಯಲ್ಲಿ, ಶುರುವಾಗಿದ್ದು ಮೊದಲ ಗಂಟೆಯಲ್ಲೇ.

ಲೆಕ್ಕ ನೋಡೋಣ. ದೇಹ ಕಾರ್ಬೊಹೈಡ್ರೇಟನ್ನು (ಚಿಕ್ಕದಾಗಿ ‘ಕಾರ್ಬ್’) ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ 100 ಗ್ರಾಂ. ಎರಡೂ ಸೇರಿ 2,000 ಕ್ಯಾಲೊರಿಯಷ್ಟು. ರೇಸಿನ ವೇಗದಲ್ಲಿ ಗಂಟೆಗೆ 600ರಿಂದ 700 ಕ್ಯಾಲೊರಿ ಕರಗುತ್ತದೆ. ಕೊಬ್ಬೂ ಒಂದಿಷ್ಟು ಕೈ ಜೋಡಿಸುತ್ತದೆ ನಿಜ. ಆದರೆ ಕೊಬ್ಬು ನಿಧಾನಕ್ಕೆ ಉರಿಯುವ ಸೌದೆ. ಏರಿನಲ್ಲಿ ಜೋರಾಗಿ ತುಳಿಯುವಾಗ, ಮುಂದಿನವರ ಚಕ್ರ ಬಿಡದೆ ಹಿಂಬಾಲಿಸುವಾಗ ಅದೊಂದೇ ಸಾಲದು. ಗಂಟೆಗೆ 60 ಗ್ರಾಂನಂತೆ ನಾಲ್ಕು ಗಂಟೆಯಲ್ಲಿ ನಿಮಗೆ ಕಮ್ಮಿಯೆಂದರೂ 240 ಗ್ರಾಂ ಕಾರ್ಬ್ ಬೇಕಿತ್ತು. ಎರಡು ಬಾಳೆಹಣ್ಣಿನಿಂದ ಸಿಕ್ಕಿದ್ದು 50. ಲಿವರಿನ ದಾಸ್ತಾನು ಖಾಲಿಯಾಗುತ್ತಾ ಬಂದಂತೆ ರಕ್ತದ ಸಕ್ಕರೆ ಇಳಿಯುತ್ತದೆ. ಕೈ ನಡುಕ, ಕಣ್ಣು ಮಂಜು ಎರಡಕ್ಕೂ ಅದೇ ಕಾರಣ.

ಹಸಿವಾಗಲಿಲ್ಲ ಅಂತ ಬರೆದಿದ್ದೀರಿ. ಆಗುವುದೇ ಹಾಗೆ. ಜೋರಾಗಿ ತುಳಿಯುವಾಗ ರಕ್ತವೆಲ್ಲ ಕಾಲಿನ ಕಡೆ ಹರಿಯುತ್ತದೆ, ಹೊಟ್ಟೆಯ ಪಾಲು ಕಮ್ಮಿಯಾಗುತ್ತದೆ, ಹಸಿವು ಮಂಕಾಗುತ್ತದೆ. ಅಂಥ ಹೊಟ್ಟೆಗೆ ಮೂರು ಜೆಲ್, ಅಂದರೆ 60–70 ಗ್ರಾಂ ಸಕ್ಕರೆ, ಒಂದೇ ಸಲ ಬಿದ್ದರೆ ಅದು ತಡೆದುಕೊಳ್ಳುವುದಿಲ್ಲ. ನಾಲ್ಕು ಗಂಟೆಯ ಬಾಕಿಯನ್ನು ಐದು ನಿಮಿಷದಲ್ಲಿ ತೀರಿಸಲು ಆಗುವುದಿಲ್ಲ, ಅಲ್ವಾ?

ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. 2013ರ ಟೂರ್ ದ ಫ್ರಾನ್ಸ್‌ನಲ್ಲಿ ಮುನ್ನಡೆಯಲ್ಲಿರುವವರ ಹಳದಿ ಜೆರ್ಸಿ ತೊಟ್ಟಿದ್ದ ಕ್ರಿಸ್ ಫ್ರೂಮ್ ಅವರಿಗೂ ಆಲ್ಪ್ ದ್ಯುಯೆಜ್ ಏರಿನಲ್ಲಿ ಸಕ್ಕರೆ ಇಳಿದಿತ್ತು. ಸಹ ಆಟಗಾರ ರಿಚಿ ಪೋರ್ಟ್ ತಂಡದ ಕಾರಿನಿಂದ ಜೆಲ್ ತಂದುಕೊಟ್ಟರು. ಅಷ್ಟು ಕೊನೆಯಲ್ಲಿ ಆಹಾರ ಪಡೆಯುವಂತಿರಲಿಲ್ಲ, 20 ಸೆಕೆಂಡು ದಂಡ ಬಿತ್ತು. ಆದರೂ ಆ ವರ್ಷದ ಟೂರ್ ಗೆದ್ದವರು ಫ್ರೂಮ್ ಅವರೇ.

ಈಗ ಮುಂದಿನ ರೇಸಿಗೆ ಬರೋಣ. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಹಣ್ಣಿನಲ್ಲಿರುವ ಸಕ್ಕರೆ, ಫ್ರಕ್ಟೋಸ್‌ಗೆ ಬೇರೆ ಬಾಗಿಲಿದೆ. ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು. ವೃತ್ತಿಪರರು ಈಗ 100 ಗ್ರಾಂ ದಾಟುತ್ತಾರೆ. ನೀವು ಅವರನ್ನು ನೋಡಿ ಶುರು ಮಾಡಬೇಡಿ, 60 ನಿಮ್ಮ ಮೊದಲ ಗುರಿಯಾಗಲಿ. ಅಂದಹಾಗೆ, ಅಡುಗೆಮನೆಯ ಸಕ್ಕರೆಯಲ್ಲೇ ಗ್ಲೂಕೋಸ್, ಫ್ರಕ್ಟೋಸ್ ಅರ್ಧರ್ಧ ಇವೆ. 750 ಮಿ.ಲೀ. ಬಾಟಲಿಗೆ 50 ಗ್ರಾಂ ಸಕ್ಕರೆ, ಒಂದು ಗ್ರಾಂ ಉಪ್ಪು, ರುಚಿಗೆ ನಿಂಬೆರಸ ಹಾಕಿದರೆ ಒಳ್ಳೆಯ ರೇಸ್ ಪಾನೀಯ. ದುಬಾರಿ ಪುಡಿಯೇ ಬೇಕೆಂದಿಲ್ಲ.

ಗಡಿಯಾರ ನೋಡಿ ತಿನ್ನಿ. ಹೊರಟ 20 ನಿಮಿಷಕ್ಕೆ ಮೊದಲ ತುತ್ತು, ಆಮೇಲೆ 20 ನಿಮಿಷಕ್ಕೊಮ್ಮೆ 20 ಗ್ರಾಂ ಕಾರ್ಬ್. ಅದು ಒಂದು ಜೆಲ್ ಆಗಬಹುದು, ಮುಕ್ಕಾಲು ಬಾಳೆಹಣ್ಣಾಗಬಹುದು, ಮೇಲೆ ಹೇಳಿದ ಪಾನೀಯ 300 ಮಿ.ಲೀ. ಆಗಬಹುದು. ಜಗಿಯುವಂಥದ್ದನ್ನು ಮೊದಲರ್ಧದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಮುಗಿಸಿ. ಏರಿನಲ್ಲಿ ಏದುಸಿರು ಬಿಡುತ್ತಾ ಜಗಿಯುವುದು ಕಷ್ಟ. ಕೊನೆಯ ಒಂದೂವರೆ ಗಂಟೆ ಜೆಲ್ ಮತ್ತು ಪಾನೀಯಕ್ಕೆ ಇರಲಿ. ಜೆಲ್ ಜೊತೆ ನಾಲ್ಕು ಗುಟುಕು ನೀರು ಮರೆಯಬೇಡಿ.

ಹಿಂದಿನ ಎರಡು ದಿನವೂ ಮುಖ್ಯ. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 10 ಗ್ರಾಂ ಕಾರ್ಬ್ ಎನ್ನುವುದು ಸಾಮಾನ್ಯ ಸಲಹೆ. ನಿಮಗೆ 650 ಗ್ರಾಂ. ಅಷ್ಟು ಒಳಗೆ ಹೋಗಬೇಕೆಂದರೆ ಎಣ್ಣೆ, ನಾರು ಕಮ್ಮಿ ಮಾಡಿ ಅನ್ನ, ಬ್ರೆಡ್, ಆಲೂಗಡ್ಡೆ, ಹಣ್ಣಿನ ರಸ ಜಾಸ್ತಿ ಮಾಡಬೇಕು. ತೂಕ ಒಂದು ಕೆ.ಜಿ. ಏರಬಹುದು, ಹೆದರಬೇಡಿ. ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಡುತ್ತದೆ. ರೇಸಿನ ಬೆಳಿಗ್ಗೆ ಮೂರು ಗಂಟೆ ಮೊದಲು 130 ಗ್ರಾಂ ಕಾರ್ಬ್ ಸಾಕು. ಮುನ್ನೂರು ಗ್ರಾಂ ಅನ್ನ, ಒಂದು ಬಾಳೆಹಣ್ಣು, ನಾಲ್ಕು ಚಮಚ ಸಕ್ಕರೆ ಹಾಕಿದ ಏನಾದರೂ ಪಾನೀಯ, ಅಷ್ಟರಲ್ಲೇ ಲೆಕ್ಕ ಮುಗಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತೊಂದಿದೆ. ಕಾಲಿನಂತೆ ಕರುಳಿಗೂ ತಾಲೀಮು ಬೇಕು. ಜನ ತಿಂಗಳುಗಟ್ಟಲೆ ಕಾಲು ಹದ ಮಾಡುತ್ತಾರೆ, ಹೊಟ್ಟೆಯನ್ನು ಮಾತ್ರ ರೇಸಿನ ದಿನವೇ ಪರೀಕ್ಷೆಗೆ ಕೂರಿಸುತ್ತಾರೆ. ನನಗೆ ನಿಜಕ್ಕೂ ನೋವಾಗುವುದು ಇದನ್ನು ನೋಡಿದಾಗ. ವಾರದ ಉದ್ದದ ರೈಡಿನಲ್ಲಿ ಗಂಟೆಗೆ 40 ಗ್ರಾಂನಿಂದ ಶುರು ಮಾಡಿ. ಒಂದೆರಡು ವಾರ ಬಿಟ್ಟು 50, ಆಮೇಲೆ 60. ರೇಸಿನಲ್ಲಿ ತಿನ್ನುವ ಅದೇ ಜೆಲ್, ಅದೇ ಪಾನೀಯ ಬಳಸಿ. ಆರೆಂಟು ವಾರದಲ್ಲಿ ಕರುಳು ಒಗ್ಗಿಕೊಳ್ಳುತ್ತದೆ.

ಇಷ್ಟಾದರೂ ಬಾಂಕ್ ಆದರೆ? ವೇಗ ಇಳಿಸಿ. ತಲೆ ಸುತ್ತಿದರೆ ಸೈಕಲಿನಿಂದ ಇಳಿದುಬಿಡಿ. ಒಂದು ಜೆಲ್, ಸ್ವಲ್ಪ ನೀರು, ಹದಿನೈದು ನಿಮಿಷ ಬಿಡುವು. ಎರಡನೇ ಜೆಲ್ ಅದಾದ ಮೇಲೆ.

ಪ್ರಶ್ನೆ: ನನಗೆ ಬೆವರು ಜಾಸ್ತಿ. ಸ್ನಾಯು ಸೆಳೆತದ ಭಯಕ್ಕೆ ಗಂಟೆಗೆ ಒಂದೂವರೆ ಲೀಟರ್ ನೀರು ಕುಡಿಯುತ್ತೇನೆ. ಹಿಂದಿನ ರೇಸಿನ ಕೊನೆಗೆ ತಲೆನೋವು ಬಂತು, ಬೆರಳು ಊದಿಕೊಂಡಿದ್ದವು. ತೂಕ ನೋಡಿದರೆ ಒಂದು ಕೆ.ಜಿ. ಏರಿತ್ತು!

ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೇಸ್ ಮುಗಿದಾಗ ತೂಕ ಏರಿದೆ ಎಂದರೆ ಬೆವರಿಗಿಂತ ಜಾಸ್ತಿ ನೀರು ಒಳಗೆ ಹೋಗಿದೆ. ರಕ್ತದ ಸೋಡಿಯಂ ತೆಳುವಾಗುತ್ತದೆ. ಇದಕ್ಕೆ ಹೈಪೊನೇಟ್ರೀಮಿಯಾ ಎಂದು ಹೆಸರು, ಜೀವಕ್ಕೇ ಅಪಾಯ ತರಬಲ್ಲದು. ಮಾತು ತೊದಲಿದರೆ, ಗೊಂದಲವಾದರೆ, ಮತ್ತೆ ಮತ್ತೆ ವಾಂತಿಯಾದರೆ ನೀರು ಕುಡಿಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಬೆವರನ್ನು ನೀವೇ ಅಳೆಯಬಹುದು. ರೈಡಿಗೆ ಮೊದಲು ತೂಕ ನೋಡಿ. ರೇಸಿನ ವೇಗದಲ್ಲಿ ಒಂದು ಗಂಟೆ ಓಡಿಸಿ, ಮೈ ಒರೆಸಿಕೊಂಡು ಮತ್ತೆ ನೋಡಿ. 600 ಗ್ರಾಂ ಇಳಿದಿದೆ, ನಡುವೆ 400 ಮಿ.ಲೀ. ಕುಡಿದಿದ್ದೀರಿ ಅಂದುಕೊಳ್ಳಿ. ಆಗ ನಿಮ್ಮ ಬೆವರು ಗಂಟೆಗೆ ಒಂದು ಲೀಟರ್. ಬಿಸಿಲಿನಲ್ಲಿ ಒಮ್ಮೆ, ತಂಪಿನಲ್ಲಿ ಒಮ್ಮೆ ಅಳೆಯಿರಿ, ಎರಡೂ ಬೇರೆ ಬೇರೆ ಬರುತ್ತವೆ. ಕುಡಿಯುವುದು ಇದಕ್ಕಿಂತ ಕಮ್ಮಿಯೇ ಇರಲಿ. ರೇಸ್ ಮುಗಿಯುವಾಗ ತೂಕದಲ್ಲಿ ಶೇಕಡಾ 2ರಷ್ಟು ಇಳಿದಿದ್ದರೆ ತೊಂದರೆಯಿಲ್ಲ. ಬಹಳಷ್ಟು ಜನಕ್ಕೆ ಗಂಟೆಗೆ 400ರಿಂದ 800 ಮಿ.ಲೀ. ಸಾಕಾಗುತ್ತದೆ.

ಉಪ್ಪು ಬೆರೆಸಿದ ನೀರಾದರೆ ಎಷ್ಟಾದರೂ ಕುಡಿಯಬಹುದು ಎಂದುಕೊಳ್ಳಬೇಡಿ. ಆ ಪಾನೀಯಗಳಲ್ಲಿರುವ ಸೋಡಿಯಂ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಕಮ್ಮಿ. ಇನ್ನು ಸೆಳೆತಕ್ಕೆ ಎಷ್ಟೋ ಸಲ ದಣಿದ ಸ್ನಾಯುವೇ ಕಾರಣ. ಅದನ್ನು ನೀರಿನಿಂದ ತೊಳೆದು ಹಾಕಲು ಆಗುವುದಿಲ್ಲ.

ಪ್ರಶ್ನೆ: ರೇಸಿಗೆ ಮೊದಲು ಕಾಫಿ ಕುಡಿಯಬಹುದೇ? ಅದು ನಿಷೇಧಿತ ಪದಾರ್ಥವೇ?

ಅಲ್ಲ. ಕೆಫೀನನ್ನು ನಿಷೇಧಿತ ಪಟ್ಟಿಯಿಂದ 2004ರಲ್ಲೇ ತೆಗೆದರು. ದಿನವೂ ಕುಡಿಯುವವರಾದರೆ ಧೈರ್ಯವಾಗಿ ಕುಡಿಯಿರಿ. ತೂಕದ ಪ್ರತಿ ಕೆ.ಜಿ.ಗೆ 3 ಮಿ.ಗ್ರಾಂ ಕೆಫೀನ್, ಒಂದು ಗಂಟೆ ಮೊದಲು, ಅಷ್ಟಕ್ಕೇ ಪರಿಣಾಮ ಸಿಗುತ್ತದೆ. ಕೆಲವು ಜೆಲ್‌ಗಳಲ್ಲೂ ಕೆಫೀನ್ ಇರುತ್ತದೆ, ಪೊಟ್ಟಣ ಓದಿ ಲೆಕ್ಕಕ್ಕೆ ಸೇರಿಸಿ. ಎದೆ ಡವಗುಟ್ಟುವ ತೊಂದರೆ, ರಕ್ತದೊತ್ತಡ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಆರು ಗಂಟೆಯ ರೇಸ್ ಆದರೆ ನಾನು ಅರ್ಧವನ್ನು ಬೆಳಿಗ್ಗೆ ಕಾಫಿಯಲ್ಲಿ, ಉಳಿದರ್ಧವನ್ನು ಇನ್ನೆರಡು ಗಂಟೆ ಬಾಕಿ ಇರುವಾಗ ಜೆಲ್‌ನಲ್ಲಿ ತೆಗೆದುಕೊಳ್ಳುತ್ತೇನೆ.