ವಿಷದ ಕತೆ ಸಾಕು, ರಾಣಿ ಎಲ್ಲಿ?

ನಮಸ್ಕಾರ.

ಫ್ರಾನ್ಸಿನ ರಾಣಿ ಕ್ಯಾಥರೀನ್ ದ ಮೆಡಿಚಿಯ ಬಗ್ಗೆ ನೀವು ಕಳಿಸಿದ ಜೀವನಚರಿತ್ರೆಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ಮೊದಲ ಅಧ್ಯಾಯ ತುಂಬಾ ಹಿಡಿಸಿತು. 1519ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಮಗು, ಕೆಲವೇ ವಾರಗಳಲ್ಲಿ ತಬ್ಬಲಿ. ಊರಿಗೆ ಮುತ್ತಿಗೆ ಬಿದ್ದಾಗ ಕಾನ್ವೆಂಟಿನಲ್ಲಿ ಸೆರೆ. 14ನೇ ವಯಸ್ಸಿಗೆ ಮಾರ್ಸೇಯಲ್ಲಿ ಮದುವೆ. ಇಲ್ಲೆಲ್ಲ ನೀವು ಅವಸರ ಮಾಡಿಲ್ಲ.

1559ರಲ್ಲಿ ಗಂಡ ಎರಡನೇ ಹೆನ್ರಿ ಸತ್ತ ಮೇಲೆ ಬರಹ ದಾರಿ ತಪ್ಪುತ್ತದೆ. ಫ್ರಾನ್ಸಿನ ಪಕ್ಕದ ಪುಟ್ಟ ರಾಜ್ಯ ನವಾರ್‌ನ ರಾಣಿ ಜಾನ್ ದಾಲ್ಬ್ರೆಯನ್ನು ಕ್ಯಾಥರೀನ್ ವಿಷ ಹಚ್ಚಿದ ಕೈಗವಸು ಕೊಟ್ಟು ಕೊಂದಳು ಎಂದು ಸಲೀಸಾಗಿ ಬರೆದಿದ್ದೀರಿ. 1572ರ ಜೂನ್‌ನಲ್ಲಿ ಜಾನ್ ತೀರಿಕೊಂಡಾಗ ಶವಪರೀಕ್ಷೆ ನಡೆದಿತ್ತು. ಕಂಡದ್ದು ಶ್ವಾಸಕೋಶದ ಕಾಯಿಲೆ. ಕೈಗವಸಿನ ಮಾತು ಹಬ್ಬಿದ್ದು ಕ್ಯಾಥರೀನಳ ವಿರೋಧಿಗಳಿಂದ. ಅದನ್ನು ಬಳಸಲೇಬೇಡಿ ಎನ್ನುತ್ತಿಲ್ಲ. ಯಾರು, ಯಾಕೆ ಹಬ್ಬಿಸಿದರು ಎಂದು ಹೇಳಿ ಬಳಸಿ.

ನನಗೆ ಜಾಸ್ತಿ ಬೇಸರವಾದದ್ದು 1560ರಿಂದ 1562ರ ಭಾಗ ಓದುವಾಗ. ಹತ್ತು ವರ್ಷದ ಮಗ ಒಂಬತ್ತನೇ ಚಾರ್ಲ್ಸ್ ರಾಜ, ಆಡಳಿತ ತಾಯಿಯ ಕೈಯಲ್ಲಿ. ಖಜಾನೆಯಲ್ಲಿ ಹಣವಿಲ್ಲ, ಸಾಲ ಬೆಟ್ಟದಷ್ಟು. ಕ್ಯಾಥೊಲಿಕರು, ಪ್ರೊಟೆಸ್ಟಂಟ್ ಹ್ಯೂಗೆನೊಗಳು ಕತ್ತಿ ಮಸೆಯುತ್ತಿದ್ದಾರೆ. ಆಕೆ ಎರಡೂ ಕಡೆಯ ಧರ್ಮಗುರುಗಳನ್ನು ಪುವಾಸಿಯಲ್ಲಿ ಎದುರುಬದುರು ಕೂರಿಸಿದಳು. ಮಾತು ಮುರಿದುಬಿತ್ತು. ಆದರೂ ಬಿಡಲಿಲ್ಲ. 1562ರ ಜನವರಿಯಲ್ಲಿ, ಪಟ್ಟಣದ ಗೋಡೆಯಾಚೆ ಹ್ಯೂಗೆನೊಗಳು ಪ್ರಾರ್ಥನೆ ಮಾಡಬಹುದು ಎಂಬ ಆಜ್ಞೆ ಬಂತು. ಮಾರ್ಚ್‌ನಲ್ಲಿ ವಾಸಿ ಎಂಬಲ್ಲಿ ಕ್ಯಾಥೊಲಿಕರ ನಾಯಕ ಗೀಸ್ ಡ್ಯೂಕನ ಕಡೆಯವರು ಪ್ರಾರ್ಥನೆಗೆ ಸೇರಿದ್ದ ಹ್ಯೂಗೆನೊಗಳನ್ನು ಕೊಂದರು. ಯುದ್ಧ ಶುರುವಾಯಿತು. ಇಷ್ಟಕ್ಕೂ ನೀವು ಕೊಟ್ಟಿದ್ದು ಒಂದೇ ಪ್ಯಾರಾ. ಬ್ಲುವಾ ಕೋಟೆಯ ವಿಷದ ಕಪಾಟೆಂಬ ಕಟ್ಟುಕತೆಗೆ ನಾಲ್ಕು ಪುಟ!

ಹಾಗಂತ ಆಕೆಯನ್ನು ದೇವತೆ ಮಾಡಬೇಡಿ. 1572ರ ಆಗಸ್ಟ್ 22ರಂದು ಹ್ಯೂಗೆನೊ ನಾಯಕ ಕೊಲಿನ್ಯಿಯ ಮೇಲೆ ಗುಂಡು ಹಾರಿಸಿದ್ದು ಯಾರ ಮಾತಿಗೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ 24ರಂದು ಪ್ಯಾರಿಸ್‌ನಲ್ಲಿ ಶುರುವಾದ ಹ್ಯೂಗೆನೊಗಳ ಕಗ್ಗೊಲೆಯ ಹೊಣೆಯಿಂದ ಆಕೆಯನ್ನು ಬಿಡಿಸಲು ಆಗುವುದಿಲ್ಲ. ಹತ್ತು ವರ್ಷದ ಹಿಂದೆ ಸಂಧಾನಕ್ಕೆ ಅಷ್ಟು ಒದ್ದಾಡಿದವಳು ಇಲ್ಲಿಗೆ ಹೇಗೆ ಬಂದಳು? ನಿಮ್ಮ ಪುಸ್ತಕ ಬೆನ್ನುಹತ್ತಬೇಕಾದ್ದು ಈ ಪ್ರಶ್ನೆಯನ್ನು. ಹುಟ್ಟಾ ಕೆಟ್ಟವಳು ಎಂದುಬಿಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ಆಕೆಯ ಸಾವಿರಾರು ಪತ್ರಗಳು ಉಳಿದಿವೆ, ಅಚ್ಚೂ ಆಗಿವೆ. ನಿಮ್ಮ ಬರಹದಲ್ಲಿ ಒಂದರ ಸುಳಿವೂ ಇಲ್ಲ. ಮೊದಲು ಅವನ್ನು ಓದಿ. 1560ರಿಂದ 1562ರ ಅಧ್ಯಾಯವನ್ನಷ್ಟೇ ಹೊಸದಾಗಿ ಬರೆದು ಕಳಿಸಿ, ಖಂಡಿತ ಓದುತ್ತೇನೆ.